ಹೆಸರು ಹೇಳುವ ಸರದಿ

ಹ್ಞೂಂ... ಹ್ಞೂಂ... ಹ್ಞೂಂ! ಮೂರು ಸಲ. ಮೊದಲನೆಯದು ಮೆಲ್ಲಗೆ, ಎರಡನೆಯದು ಗಂಟಲಿನ ಆಳದಿಂದ, ಮೂರನೆಯದು ಪಡಸಾಲೆಯ ತೊಲೆಗಳಿಗೂ ಕೇಳುವ ಹಾಗೆ. ಐವತ್ತು ವರ್ಷಗಳ ಹಿಂದೆ ಶಲವಡಿಯ ಮನೆಗೆ ನಾನು ಸೊಸೆಯಾಗಿ ಬಂದ ದಿನ ವಾಜಂತ್ರಿಯವರು ಊದಿದರಂತೆ, ಬಾರಿಸಿದರಂತೆ, ಅದೊಂದೂ ನನಗೆ ನೆನಪಿಲ್ಲ. ಇವತ್ತಿಗೂ ಕಿವಿಯಲ್ಲಿ ಉಳಿದಿರುವುದು ನನ್ನ ನೆಗೆಣ್ಣಿ, ಅಂದರೆ ನಮ್ಮ ಮನೆಯವರ ಅಣ್ಣನ ಹೆಂಡತಿ, ಗೌರಕ್ಕ ಗಂಟಲು ಸರಿಮಾಡಿಕೊಂಡ ಆ ಸದ್ದು. ಆ ಸದ್ದು ಬಂತೆಂದರೆ ಮಾತಾಡುವವರು ಮಾತು ನಿಲ್ಲಿಸುತ್ತಿದ್ದರು, ಅಳುವ ಕೂಸು ಅಳು ನಿಲ್ಲಿಸುತ್ತಿತ್ತು. ಹಿತ್ತಲಿನ ಎಮ್ಮೆ ಮೇವು ಬಿಟ್ಟು ಕತ್ತೆತ್ತುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಗೌರಕ್ಕ ಮಾತಾಡುತ್ತಾಳೆ ಎಂದು ಎಲ್ಲರಿಗೂ ಗೊತ್ತು. ಗೌರಕ್ಕನ ಬಗ್ಗೆಯೇ ಮಾತಾಡುತ್ತಾಳೆ ಎಂಬುದೂ ಗೊತ್ತು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಮೇಜಿನ ಮೇಲೆ ಕಂದೀಲು ಹಚ್ಚಿಟ್ಟು, ಅದರ ಸುತ್ತ ಒಂದು ಕಿತ್ತಳೆ ಹಣ್ಣನ್ನು ತಿರುಗಿಸುತ್ತ, "ಗರ್ಲ್ಸ್, ಇದು ಸನ್, ಇದು ಅರ್ತ್. ನಾವು ಯಾರೂ ಸೆಂಟರ್‌ನಲ್ಲಿ ಇಲ್ಲ, ಈ ಮಾತು ಲೈಫ್‌ನಲ್ಲಿ ಮರೆಯಬೇಡಿ" ಎಂದಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಪರೀಕ್ಷೆಯಲ್ಲಿ ಫುಲ್ ಮಾರ್ಕ್ಸ್ ತೆಗೆದುಕೊಂಡೆ. ಆಮೇಲೆ ಮದುವೆಯಾಗಿ ಶಲವಡಿಗೆ ಬಂದೆ. ಅಲ್ಲಿ ಸೆಂಟರ್‌ನಲ್ಲಿ ಒಬ್ಬರು ಇದ್ದರು. ಗೌರಕ್ಕ ಅಂದು ನಮ್ಮ ಕ್ಲಾಸಿನಲ್ಲಿ ಕೂತಿದ್ದರೆ ಸಿಸ್ಟರ್ ಕಂದೀಲನ್ನು ಆಕೆಯ ಕೈಗೆ ಕೊಟ್ಟು, ತಾವು ಕಿತ್ತಳೆ ಹಿಡಿದುಕೊಂಡು ಆಕೆಯ ಸುತ್ತ ತಿರುಗುತ್ತಿದ್ದರು. ಫ್ರ್ಯಾಂಕ್ಲಿ, ಆ ಹಣ್ಣನ್ನೂ ಕೊನೆಗೆ ಗೌರಕ್ಕನೇ ಸುಲಿದು ತಿನ್ನುತ್ತಿದ್ದಳು.

ಕೆಟ್ಟವಳಲ್ಲ, ಅಗದಿ ಕೆಟ್ಟವಳಲ್ಲ. ಅದೇ ಕಷ್ಟ. ಕೆಟ್ಟವರ ಮೇಲಾದರೆ ಸಿಟ್ಟಾಗಿ ಹಗುರಾಗಬಹುದು. ಗೌರಕ್ಕ ಮಾತ್ರ ಮಳೆ, ಕರೆಂಟು, ಬಸ್ಸು, ಸರಕಾರ ಎಲ್ಲವೂ ತನ್ನನ್ನು ನೋಡಿಕೊಂಡೇ ನಡೆಯುತ್ತವೆ ಎಂದು ಮಗುವಿನ ಹಾಗೆ ನಂಬಿದ್ದಳು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದಾಗ ಮೋಡ ಬಂದರೆ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿ, "ನಾ ಒಣಹಾಕಿದ್ದು ಇದಕ್ಕ ಹೆಂಗ ಗೊತ್ತಾತು ವಿಮಲಾ? ಯಾರು ಹೇಳಿದ್ರು?" ಎನ್ನುತ್ತಿದ್ದಳು. ಕಣ್ಣು ನನ್ನ ಮೇಲೆ, ನಾನೇ ಹೋಗಿ ಹೇಳಿಬಂದೆನೋ ಎಂಬ ಹಾಗೆ. ಮಿಕ್ಸರ್ ಹಚ್ಚಿದಾಗ ಕರೆಂಟು ಹೋದರೆ, "ನೋಡು, ನಾ ಚಟ್ನಿ ರುಬ್ಬಾಕ ನಿಂತಿದ್ದು ಕಂಡ ಕೂಡ್ಲೆ ತಗದ್ರು" ಎಂದು ಕಂಬದ ಕಡೆ ಕೈ ತೋರಿಸುವಳು. ಆ ಕತ್ತಲೆ ನವಲಗುಂದ ತಾಲ್ಲೂಕಿಗೆಲ್ಲ ಬಿದ್ದಿದೆ ಎಂದರೆ, "ನನ್ನ ಸಲುವಾಗಿ ಅವರಿಗೂ ಪಾಪ ತ್ರಾಸ" ಎಂದು ಮರುಗುವಳು.

ಒಮ್ಮೆ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ನೋಡಲು ಬಂದ ಗೌರಕ್ಕ ಬಾಗಿಲಲ್ಲೇ "ಅಯ್ಯಯ್ಯ, ಈ ವಾಸನಿಗೆ ನನ್ನ ತಲಿ ತಿರಗಾಕ್ಹತ್ತೈತಿ" ಎಂದಳು. ನನ್ನನ್ನು ನೋಡಿಕೊಳ್ಳಲು ಬಂದಿದ್ದ ಮಗ ಪ್ರಕಾಶ ಎದ್ದು ತನ್ನ ಮಂಚ ಬಿಟ್ಟುಕೊಟ್ಟ. ಆಕೆ ಮಲಗಿದಳು. ರೌಂಡ್ಸಿಗೆ ಬಂದ ಡಾಕ್ಟರು ಎರಡು ಮಂಚದಲ್ಲಿ ಇಬ್ಬರು ಹೆಂಗಸರು ಮಲಗಿದ್ದನ್ನು ನೋಡಿ, ಹೆಚ್ಚು ನರಳುತ್ತಿದ್ದವರ ಬಿಪಿ ಮೊದಲು ನೋಡಿದರು. ನಾನು ಕಾನ್ವೆಂಟಿನವಳು, ನರಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿತವಳು. ಸುಮ್ಮನೆ ಮಲಗಿದ್ದೆ. ಗೌರಕ್ಕನಿಗೆ ಎಳನೀರು ಬಂತು.

ಈ ಮ್ಯಾನರ್ಸ್ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಮ್ಮಪ್ಪ ಅಳ್ನಾವರದ ಸ್ಟೇಷನ್ನಿನಲ್ಲಿ ಕ್ಲರ್ಕ್. ಒಬ್ಬಳೇ ಮಗಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಹಾಸ್ಟೆಲಿಗೆ ಹಾಕಿದ. ಅಲ್ಲಿ ಹತ್ತು ವರ್ಷ ನಮಗೆ ತಿದ್ದಿ ತೀಡಿ ಕಲಿಸಿದ್ದು ಒಂದೇ ಮಾತು: ‘ಆಫ್ಟರ್ ಯೂ, ಪ್ಲೀಸ್.’ ಬಾಗಿಲಲ್ಲಿ, ಊಟದ ಸಾಲಿನಲ್ಲಿ, ಬಚ್ಚಲಿನ ಮುಂದೆ ಕೂಡ ಆಫ್ಟರ್ ಯೂ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕ ಮೊದಲ ದಿನ ಬಸ್ಸಿನ ಬಾಗಿಲಲ್ಲಿ ನಿಂತು ಹಿಂದಿನವರಿಗೆ ಆಫ್ಟರ್ ಯೂ ಎಂದೆ. ಶಲವಡಿಗೆ ಶಲವಡಿಯೇ ಹತ್ತಿತು. ಎರಡು ಆಡು, ಒಂದು ಚೀಲ ಈರುಳ್ಳಿ ಹತ್ತಿದವು. ಬಸ್ಸು ಹೋಯಿತು. ನಾನು ಸೆರಗು ಹೊದ್ದು, ನಗುಮುಖ ಇಟ್ಟುಕೊಂಡು ಧೂಳಿನಲ್ಲಿ ನಿಂತಿದ್ದೆ. ನನ್ನ ಇಡೀ ಜೀವನಚರಿತ್ರೆ ಬರೆದರೆ ಈ ಒಂದು ಪ್ಯಾರಾಗ್ರಾಫ್ ಸಾಕು.

ಈಗ ಮದುವೆಯ ದಿನಕ್ಕೆ ಬರುತ್ತೇನೆ. ನಮ್ಮ ಕಡೆ ಹೊಸ ಸೊಸೆ ಮನೆ ಹೊಗುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಂದು ಪ್ರಾಸಬದ್ಧ ಪದ್ಯದೊಳಗೆ ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಹೇಳುವವರೆಗೆ ಒಳಗೆ ಬಿಡುವುದಿಲ್ಲ. ಮುಂದೆ ಜೀವಮಾನವಿಡೀ ಗಂಡನ ಹೆಸರು ಹಿಡಿದು ಕರೆಯುವ ಹಾಗಿಲ್ಲದ್ದಕ್ಕೆ ಇದೊಂದು ಸಡಿಲಿಕೆ ಎಂದು ಕಾಣುತ್ತದೆ. ಮದುವೆ, ಬಸುರಿಗೆ ಮಾಡುವ ಕುಬಸ, ಕೂಸಿನ ತೊಟ್ಟಿಲು ಇಂಥ ದಿನಗಳಲ್ಲಿ ಮಾತ್ರ, ನಾಲ್ಕು ಜನರ ಎದುರಿಗೆ, ಪದ್ಯದ ಮರೆಯಲ್ಲಿ ಆ ಹೆಸರನ್ನು ಬಾಯಿತುಂಬ ಹೇಳಬಹುದು. ಇನ್ನು ನಮ್ಮೂರ ಗಂಡಸರ ಹೆಸರೆಲ್ಲ ಅಪ್ಪ ಎಂದೇ ಮುಗಿಯುವುದರಿಂದ ನಮ್ಮೂರ ಒಡಪುಗಳಲ್ಲೆಲ್ಲ ತುಪ್ಪದ ಹೊಳೆ. ಹೋಳಿಗೆಗೆ ತುಪ್ಪ, ರೊಟ್ಟಿಗೆ ತುಪ್ಪ, ಕೊನೆಗೆ ಯಾರೋ ಒಬ್ಬ ಅಪ್ಪ.

ನಮ್ಮವ್ವ ಅಳ್ನಾವರದಿಂದ ರೈಲಿನಲ್ಲಿ ಬರುವಾಗ ನನಗೂ ಒಂದು ತುಪ್ಪದ ಒಡಪು ಬಾಯಿಪಾಠ ಮಾಡಿಸಿದ್ದಳು. ಹೊಸ್ತಿಲಿಗೆ ಬಂದೆ. ಎದುರಿಗೆ ಮೂವತ್ತು ಹೆಂಗಸರು. "ಹೇಳವಾ ಹೇಳು, ಹುಬ್ಬಳ್ಳಿ ಶಾಣ್ಯಾಕಿ!" ಎಂದರು. ಬಾಯಿ ತೆರೆದೆ. ದೇವರಾಣೆ, ಬಾಯಿಂದ ಬಂದದ್ದು "ಗುಡ್ ಮಾರ್ನಿಂಗ್..." ಎಂದು. ಆಗ ಸಂಜೆ ಐದು ಗಂಟೆ. ಮೂವತ್ತು ಹೆಂಗಸರು ನಕ್ಕ ನಗೆಗೆ ನನ್ನ ಬಾಸಿಂಗ ಜಾರಿತು. ಅಷ್ಟರಲ್ಲಿ ಒಳಗಿನಿಂದ, ಆರತಿ ತಾಟು ಹಿಡಿದಿದ್ದ ಗೌರಕ್ಕನ ಕಡೆಯಿಂದ ಬಂತು: ಹ್ಞೂಂ, ಹ್ಞೂಂ, ಹ್ಞೂಂ. "ಸರೀರಿ, ಪಾಪ ಹುಡುಗಿಗೆ ಬರೂದಿಲ್ಲ, ಆಕಿ ಪರವಾಗಿ ನಾ ಹೇಳ್ತೀನಿ" ಎಂದವಳೇ ಉದ್ದನೆಯ ಒಡಪು ಹೇಳಿ, ಕೊನೆಯಲ್ಲಿ ಹೆಸರು ಹೇಳಿದಳು. ಯಾರದು? ತನ್ನ ಗಂಡನದು. ವೀರಭದ್ರಪ್ಪ! ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೂ ಏನೂ ತಪ್ಪೆನಿಸಲಿಲ್ಲ, ಗೌರಕ್ಕನಿಗಂತೂ ಮುಂದೆಂದೂ ಅನಿಸಲಿಲ್ಲ. ನಾನು ಸೇರಿನ ಅಕ್ಕಿ ಒದ್ದು ಒಳಗೆ ಕಾಲಿಟ್ಟೆ. ಲೀಗಲಿ ಸ್ಪೀಕಿಂಗ್, ಆ ಮನೆಗೆ ನಾನು ಬಂದದ್ದು ನನ್ನ ಭಾವನವರ ಹೆಸರಿನ ಮೇಲೆ.

ಮರುದಿನ ಮುಂಜಾನೆ ಉಪ್ಪಿಟ್ಟಿನ ತಾಟು ಕೊಡುವಾಗ ನಮ್ಮ ಮನೆಯವರು ತಲೆ ಎತ್ತದೆ ಕೇಳಿದರು: "ನನ್ನ ಹೆಸರು ಏನಂತ ಗೊತ್ತೈತಿಲ್ಲ?" ನನಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. "ಗೊತ್ತದ ರೀ" ಎಂದೆ. "ಮತ್ತ ಹೇಳು." "ಹಂಗೆಲ್ಲಾ ಹೇಳಬಾರದಂತ." "ಹೌದು. ನಿನ್ನಿ ಹೇಳಬೇಕಾಗಿತ್ತು" ಎಂದು ನಕ್ಕು ಶಾಲೆಗೆ ಹೋದರು. ಪ್ರೈಮರಿ ಶಾಲೆಯ ಮಾಸ್ತರು ಅವರು, ಲೆಕ್ಕ ಕಲಿಸುವವರು, ಬಾಕಿ ಉಳಿದದ್ದನ್ನು ಮರೆಯುವವರಲ್ಲ. ವರ್ಷಕ್ಕೊಮ್ಮೆಯಾದರೂ, ಹಬ್ಬದ ದಿನ ಎಲೆಯ ಮುಂದೆ ಕೂತಾಗ, "ಇನ್ನೂ ನನ್ನ ಹೆಸರು ಹೇಳಿಲ್ಲ ನೀನು" ಎನ್ನುತ್ತಿದ್ದರು. ನಾನು ರೇಷನ್ ಕಾರ್ಡಿನಲ್ಲಿ ಬರೆದೆ, ಬ್ಯಾಂಕಿನ ಫಾರ್ಮಿನಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದೆ, ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆದೆ. ಬಾಯಿಬಿಟ್ಟು ಹೇಳಲಿಲ್ಲ. ಇವರು, ಮಾಸ್ತರು, ಕೇಳ್ರಿಲ್ಲೆ, ಪ್ರಕಾಶನ ಅಪ್ಪ, ಇಷ್ಟರಲ್ಲೇ ಸಂಸಾರ ಮುಗಿಯಿತು.

ಹಾಗೆಂದು ನಾನು ಸುಮ್ಮನೆ ಕೂತಿರಲಿಲ್ಲ. ಮದುವೆಯಾದ ಹದಿನೈದು ದಿನದೊಳಗೆ ನನ್ನದೇ ಒಂದು ಒಡಪು ಕಟ್ಟಿದ್ದೆ. ತುಪ್ಪ ಬಳಸಬಾರದು ಎಂಬ ಶಪಥದೊಂದಿಗೆ! ಮೊದಲು ನಾಲ್ಕು ಸಾಲು. ಸರದಿ ಸಿಕ್ಕರೆ ಹೇಳಿಬಿಡೋಣ ಎಂದು ಪ್ರತಿ ಕುಬಸಕ್ಕೂ ಪ್ರತಿ ತೊಟ್ಟಿಲಿಗೂ ತಯಾರಾಗಿ ಹೋಗುತ್ತಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಹೇಳುತ್ತ ನನ್ನ ಹತ್ತಿರ ಬರುವಾಗ, ಬಾಜುವಿನಲ್ಲಿ ಕೂತ ಗೌರಕ್ಕ ಹ್ಞೂಂ ಎನ್ನುವಳು. ನಾನು ಏನು ಮಾಡಬೇಕು? ಆಫ್ಟರ್ ಯೂ ಎನ್ನುತ್ತಿದ್ದೆ. ಆಕೆಯ ಒಡಪು ಮುಗಿಯುವಷ್ಟರಲ್ಲಿ ಒಳಗಿನಿಂದ "ಊಟಕ್ಕ ಏಳ್ರಿ" ಎಂದು ಕೂಗು ಬರುತ್ತಿತ್ತು. ನನ್ನದೇ ಕುಬಸದಲ್ಲೂ ಹೀಗೇ ಆಯಿತು ಎಂದರೆ ನೀವು ನಂಬಬೇಕು. ಸರದಿ ಸಿಗದಿದ್ದರೇನು, ಒಡಪು ಬೆಳೆಯುತ್ತ ಹೋಯಿತು. ಅವರಿಗೆ ಹೆಡ್‌ಮಾಸ್ತರಿಕೆ ಸಿಕ್ಕಾಗ ಎರಡು ಸಾಲು, ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದ ವರ್ಷ ಎರಡು ಸಾಲು, ಅವರ ಗೊರಕೆಯ ಮೇಲೆ ನಾಲ್ಕು ಸಾಲು. ಮನಸ್ಸಿನಲ್ಲೇ ತಿದ್ದುವುದು, ತೀಡುವುದು, ರೊಟ್ಟಿ ತಟ್ಟುವ ತಾಳಕ್ಕೆ ಹೇಳಿಕೊಳ್ಳುವುದು. ಭಾಷಣ ಬರೆದಿಟ್ಟುಕೊಂಡು ಸನ್ಮಾನಕ್ಕಾಗಿ ಕಾಯುವವರ ಹಾಗೆ ಬದುಕಿದೆ.

ಹನ್ನೊಂದು ವರ್ಷದ ಹಿಂದೆ ಅವರನ್ನು ಆಸ್ಪತ್ರೆಗೆ ಒಯ್ದಾಗ ನರ್ಸ್ ಚೀಟಿ ಹಿಡಿದು ಕೇಳಿದಳು, "ಪೇಷಂಟ್ ಹೆಸರೇನ್ರಿ ಅಮ್ಮಾರ?" ನಾನು ಆಕೆಯ ಕೈಯಿಂದ ಪೆನ್ನು ಇಸಿದುಕೊಂಡು ಬರೆದೆ. ಸ್ಟ್ರೆಚರಿನ ಮೇಲಿದ್ದ ಇವರು ಅದನ್ನು ನೋಡಿ, ಆ ನೋವಿನಲ್ಲೂ ಮೀಸೆಯಲ್ಲಿ ನಕ್ಕರು. "ಈಗರೆ ಹೇಳಬೇಕಾಗಿತ್ತು" ಎಂದರು. ಮೂರು ದಿನ ಇದ್ದರು. ಆ ಮೂರು ದಿನದಲ್ಲಿ ಎಷ್ಟು ಸಲ ಹೇಳಬಹುದಾಗಿತ್ತು ಎಂಬ ಲೆಕ್ಕವನ್ನು ನಾನು ಇಡಲಿಲ್ಲ, ಇಟ್ಟರೆ ಬದುಕುವುದು ಕಷ್ಟ.

ಆಮೇಲೆ ಸರದಿಯೇ ನನ್ನನ್ನು ಬಿಟ್ಟು ಹೋಗತೊಡಗಿತು. ಗಂಡ ಇಲ್ಲದವರನ್ನು ಹೆಸರು ಹೇಳು ಎಂದು ಯಾರೂ ಕೇಳುವುದಿಲ್ಲ. ಒರಟಾಗಿಯೇನೂ ಅಲ್ಲ, ಬಹಳ ಮೃದುವಾಗಿ ದಾಟಿಹೋಗುತ್ತಾರೆ. ನಮ್ಮಂಥವರ ಕುರ್ಚಿಗಳು ಗೋಡೆಯ ಸಾಲಿನಲ್ಲಿ ಇರುತ್ತವೆ. ಯಾರೂ ಹಾಕಿರುವುದಿಲ್ಲ, ತಾವೇ ಅಲ್ಲಿ ಹೋಗಿ ಸೇರಿರುತ್ತವೆ. ಚಹಾ ಮೊದಲು ನಮಗೇ ಬರುತ್ತದೆ. "ಅಕ್ಕಾರ, ಸಕ್ಕರಿ ಸಾಕೇನ್ರಿ?" ಎಂದು ಕೇಳುವ ಪ್ರೀತಿಗೇನೂ ಕೊರತೆ ಇಲ್ಲ. ಹೆಸರು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಗೋಡೆಗೆ ಬೆನ್ನು ಕೊಟ್ಟು ಕೂತು, ಅಷ್ಟೊತ್ತಿಗೆ ಐವತ್ತಾರು ಸಾಲಾಗಿದ್ದ ನನ್ನ ಒಡಪನ್ನು ಚಹಾದ ಜೊತೆ ನುಂಗುತ್ತ ಬಂದೆ.

ಈ ವರ್ಷ ನನ್ನ ಮೊಮ್ಮಗಳು, ಪ್ರಕಾಶನ ಮಗಳು ಸ್ಫೂರ್ತಿಯ ಕುಬಸ ನಮ್ಮ ಶಲವಡಿಯ ಮನೆಯಲ್ಲೇ ಆಯಿತು. ಸ್ಫೂರ್ತಿ ನವಲಗುಂದದಲ್ಲಿ ದನದ ಡಾಕ್ಟರು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡೇ ಹಿಂದಿನ ದಿನದವರೆಗೆ ಎಮ್ಮೆಗಳಿಗೆ ಇಂಜೆಕ್ಷನ್ ಮಾಡುತ್ತಿದ್ದವಳು ಅಂದು ಹಸಿರು ಸೀರೆ, ಹಸಿರು ಬಳೆ, ಮಲ್ಲಿಗೆಯ ದಂಡೆ ಎಲ್ಲ ತೊಟ್ಟು ಅಲಂಕಾರದ ಕುರ್ಚಿಯಲ್ಲಿ ಕೂತಿದ್ದಳು. ಪಡಸಾಲೆ ತುಂಬ ಹೆಂಗಸರು, ಐದು ತರದ ಬುತ್ತಿ, ಎಣ್ಣೆಗಾಯಿಯ ವಾಸನೆ, ವಿಡಿಯೋದವನ ದೀಪ. ನನಗೆ ಬೆಳಗಿನಿಂದ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಎಕ್ಸೈಟ್‌ಮೆಂಟ್ ಎಂದರೆ ಅಂಥದ್ದು, ಮೂರು ಸಲ ಕನ್ನಡಕ ಒರೆಸಿದೆ. ಯಾಕೆಂದರೆ ಸ್ಫೂರ್ತಿ ಹಿಂದಿನ ಸಂಜೆ ನನ್ನ ಕಿವಿಯಲ್ಲಿ ಹೇಳಿದ್ದಳು: "ಆಯಿ, ನಾಳೆ ನೀನೂ ಅಜ್ಜನ ಹೆಸರು ಹೇಳಬೇಕು. ನಾ ಕೇಳ್ತೀನಿ, ಯಾರು ಏನಂತಾರ ನೋಡೂಣು." "ಹುಚ್ಚಿ, ಹಂಗ ಹೇಳೂದಿಲ್ಲ" ಎಂದಿದ್ದೆ. ಎಂದವಳೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಐವತ್ತಾರು ಸಾಲನ್ನೂ ಒಮ್ಮೆ ರಿಹರ್ಸಲ್ ಮಾಡಿದೆ.

ಹತ್ತು ವರ್ಷದ ಹಿಂದೆ ಭಾವ ಮತ್ತು ಗೌರಕ್ಕ ಮಗನ ಮನೆಗೆ ಹೋಗಿ ನೆಲೆಸಿದ್ದ ಅಣ್ಣಿಗೇರಿಯಿಂದ ಹನ್ನೊಂದು ಗಂಟೆಗೆ ಕಾರು ಬಂತು. ಗೌರಕ್ಕ ಇಳಿದಳು. ನಮ್ಮ ಭಾವ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ಆಕೆ ಒಂದು ಕಾರ್ಯಕ್ರಮಕ್ಕೆ ಬಂದದ್ದು ಅದೇ ಮೊದಲು. ಎಂಬತ್ತು ಮುಟ್ಟಿದ್ದಳು, ಸೊರಗಿದ್ದಳು, ಮಗನ ತೋಳು ಹಿಡಿದು ನಡೆಯುತ್ತಿದ್ದಳು. ಗೋಡೆಯ ಸಾಲಿನಲ್ಲಿ ನನ್ನ ಬಾಜುವಿನ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಬಾ ಅಕ್ಕಾ, ಇಲ್ಲೆ ಕೂಡು" ಎಂದೆ. ಗೌರಕ್ಕ ಆ ಕುರ್ಚಿ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಇಲ್ಲಿ ಕುಂತರ ನಾ ಯಾರಿಗೆ ಕಾಣ್ತೀನೇ?" ಎಂದು ಕುರ್ಚಿಯನ್ನು ಮಗನ ಕೈಯಿಂದ ಎಳೆಸಿಕೊಂಡು ಹೋಗಿ ಪಡಸಾಲೆಯ ನಟ್ಟನಡುವೆ, ಸ್ಫೂರ್ತಿಗೂ ಕ್ಯಾಮೆರಾಕ್ಕೂ ಮಧ್ಯೆ ಹಾಕಿ ಕೂತಳು. ವಿಡಿಯೋದವನು "ಅಮ್ಮಾರ, ಒಂದ್ ಸ್ವಲ್ಪ ಬಾಜು..." ಎಂದ. "ನೀನ ಆಕಡೆ ಸರಿ, ಇಲ್ಲಿಂದ ನಾ ಛಲೋ ಬರ್ತೀನಿ" ಎಂದಳು.

ಉಡಿ ತುಂಬಿದರು, ಆರತಿ ಆಯಿತು, ಒಡಪು ಶುರುವಾಯಿತು. ಈಗಿನ ಹುಡುಗಿಯರು ಮೊಬೈಲ್ ನೋಡಿಕೊಂಡು ಓದುತ್ತಾರೆ. ಒಬ್ಬಳ ಒಡಪು ಗಂಡನ ಹೆಸರು ಬರುವ ಮೊದಲೇ ಸ್ಕ್ರೀನ್ ಆಫ್ ಆಗಿ, "ತಡೀರಿ, ಪಾಸ್‌ವರ್ಡ್ ಹಾಕ್ತೀನಿ" ಎಂದಳು. ನಗು, ಚಪ್ಪಾಳೆ. ಸರದಿ ಮುಂದೆ ಹೋಗುತ್ತ ಹೋಗುತ್ತ ಗೌರಕ್ಕನ ಹತ್ತಿರ ಬಂತು. ಎಲ್ಲರಿಗೂ ಒಂದು ಕ್ಷಣ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಮೃದುವಾಗಿ, ಪ್ರೀತಿಯಿಂದ, ಸರದಿ ಆಕೆಯನ್ನು ದಾಟಿ ಬಾಜುವಿನಲ್ಲಿದ್ದ ಆಕೆಯ ಸೊಸೆಯ ಹತ್ತಿರ ಹೋಯಿತು. ಸೊಸೆ ಮೊಬೈಲ್ ತೆಗೆದಳು.

ಹ್ಞೂಂ... ಹ್ಞೂಂ... ಹ್ಞೂಂ!

ಪಡಸಾಲೆ ಗಪ್ಪಾಯಿತು. ಗೌರಕ್ಕ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಕ್ಯಾಮೆರಾದ ಕಡೆ ಮುಖ ಮಾಡಿ ಹೇಳಿದಳು:

"ಎರಿ ಹೊಲದ ಜ್ವಾಳಕ್ಕ ಬಿಳಿ ಮುತ್ತಿನ ತೆನಿ,
ಊರಾಗ ದೊಡ್ಡದು ನಮ್ಮ ಹನ್ನೆರಡು ಅಂಕಣದ ಮನಿ,
ಬಂದವರು ಕುಂದರ್ರಿ, ಬಿಸಿ ರೊಟ್ಟಿಗೆ ತುಪ್ಪ,
ನಾ ಕರದರ ಓಡಿ ಬರ್ತಾರ ನಮ್ಮ ವೀರಭದ್ರಪ್ಪ!"

ಆ ಹನ್ನೆರಡು ಅಂಕಣದ ಮನೆಯಲ್ಲಿ ಹತ್ತು ವರ್ಷದಿಂದ ಇರುವವಳು ಆಕೆಯಲ್ಲ, ನಾನು ಎಂಬುದು ಹಾಗಿರಲಿ. ಓಡಿ ಬರುವವರು ಎಲ್ಲಿದ್ದಾರೆ? ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಓಣಿಯ ಹಿರಿಯಳು ನೀಲಮ್ಮ ಮೆಲ್ಲಗೆ ಅಂದಳು, "ಗೌರಕ್ಕಾ, ಈಗ ನೀವು ಹೇಳೂದಲ್ಲಲ್ರೀ..."

"ಯಾಕ?"

"ಅಲ್ರೀ, ಯಜಮಾನ್ರು ಹೋಗ್ಯಾರ..."

"ಹೌದು, ಅವರು ಹೋಗ್ಯಾರ" ಎಂದಳು ಗೌರಕ್ಕ. "ನಾ ಎಲ್ಲಿ ಹೋಗೀನಿ? ನಾ ಇಲ್ಲೇ ಇದ್ದೀನಲಾ!"

ಹೋರಾಟದ ದನಿಯಲ್ಲ, ಅಳುವ ದನಿಯೂ ಅಲ್ಲ. ಆಕೆಗೆ ನಿಜವಾಗಿ ಅರ್ಥವಾಗಿರಲಿಲ್ಲ. ಇಷ್ಟು ಸರಳ ವಿಷಯ ಈ ಮಂದಿಗೆ ಯಾಕೆ ತಿಳಿಯುತ್ತಿಲ್ಲ ಎಂದು ಆಶ್ಚರ್ಯವಾಗಿತ್ತು, ಅಷ್ಟೇ. ಲೋಕಕ್ಕೆ ಒಂದು ನಿಯಮವಿದೆ ಎಂಬುದು ಆಕೆಯ ಕಿವಿಗೆ ಬಿದ್ದಿರಲಿಲ್ಲ, ಬಿದ್ದಿದ್ದರೂ ಅದು ಬೇರೆಯವರಿಗೆ ಎಂದುಕೊಂಡಿದ್ದಳು. ನಾನು ಇಂಗ್ಲಿಷ್ ಓದಿದವಳು, ರೈಟ್ಸ್ ಬಗ್ಗೆ ಮಕ್ಕಳಿಗೆ ಎಸ್ಸೇ ಬರೆಸಿದವಳು, ಹನ್ನೊಂದು ವರ್ಷ ಗೋಡೆಯ ಹತ್ತಿರ ಕೂತಿದ್ದೆ. ಸ್ಫೂರ್ತಿ ಬಾಯಿ ತೆರೆಯುವ ಮೊದಲೇ ಎದ್ದು ನಿಂತೆ. "ಎಕ್ಸ್‌ಕ್ಯೂಸ್ ಮಿ" ಎಂದೆ. ಯಾರಿಗೂ ಕೇಳಲಿಲ್ಲ. "ಏ, ಗಪ್ ಕೂಡ್ರಿ ಎಲ್ಲಾರೂ! ಈಗ ನಂದು!" ಎಂದೆ. ನಲವತ್ತು ಜನ ಗಪ್ಪಾದರು. ಅವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಇಂಗ್ಲಿಷ್ ಕಲಿತವರು, ಹಳೆಯ ಹೆದರಿಕೆ ಇನ್ನೂ ಇತ್ತು.

"ಅಳ್ನಾವರ ಸ್ಟೇಷನ್ನಿನಾಗ ನಿಂತಿತ್ತು ರೈಲು,
ಕಾನ್ವೆಂಟಿನ ಹುಡುಗಿ ಬಂದಳು ಹಿಡಕೊಂಡು ಫೈಲು..."

ಹಾಗೆ ಶುರು ಮಾಡಿದೆ. ಮುಂದಿನದನ್ನೆಲ್ಲ ಇಲ್ಲಿ ಬರೆದು ನಿಮಗೆ ತೊಂದರೆ ಕೊಡುವುದಿಲ್ಲ. ಆ ಸೌಜನ್ಯವನ್ನು ಅಂದು ತೋರಿಸಲಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಹತ್ತನೆಯ ಸಾಲಿನಲ್ಲಿ ಎಲ್ಲರೂ ನಕ್ಕರು, ಅದು ನನಗೆ ಏರಿಬಿಟ್ಟಿತು. ಹೆಡ್‌ಮಾಸ್ತರಿಕೆಯ ಸಾಲು ಬಂದಾಗ, ತಿಳಿಯದವರಿಗೆ ತಿಳಿಯಲಿ ಎಂದು ಅರ್ಥ ಬಿಡಿಸಿ ಹೇಳಿದೆ. "ತಿಳೀತೇನು?" ಎಂದೆ. "ತಿಳೀತ್ರೀ ಅಕ್ಕಾರ" ಎಂದರು ಒಟ್ಟಿಗೆ. ಕಡಲೆಯ ವರ್ಷಕ್ಕೆ ಬಂದಾಗ ಆರತಿಯ ದೀಪ ಆರಿತು, ನಾನು ಆರಲಿಲ್ಲ. ಗೊರಕೆಯ ನಾಲ್ಕು ಸಾಲನ್ನು ನಟನೆ ಮಾಡಿ ತೋರಿಸಿದೆ. ಪ್ರಕಾಶ ಬಾಗಿಲಲ್ಲಿ ನಿಂತು, "ಅವ್ವಾ, ಊಟ ಆರಾಕ್ಹತ್ತೈತಿ" ಎಂದ. "ಆರಲಿ, ಇನ್ನೊಂಚೂರ ಐತಿ" ಎಂದೆ. ಸ್ಫೂರ್ತಿ ಸೊಂಟ ನೋಯುತ್ತಿದೆ ಎಂದು ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಳು. ಬಸುರಿ ಹುಡುಗಿ, ನನ್ನ ಸ್ವಂತ ಮೊಮ್ಮಗಳು, ಆಕೆಯದೇ ಕುಬಸ! ಅದು ನನ್ನ ಕಣ್ಣಿಗೆ ಕಂಡಿತು, ಕಂಡೂ ಮುಂದಿನ ಸಾಲಿಗೆ ಹೋದೆ. ನಟ್ಟನಡುವೆ ಕೂತಿದ್ದ ಗೌರಕ್ಕ ಎರಡು ಸಲ ಆಕಳಿಸಿದಳು. ಮೂರನೆಯ ಸಲ, "ಮುಗೀತೇನು?" ಎಂದಳು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಗೌರಕ್ಕನಿಗೆ ಉತ್ತರ ಕೊಡಲಿಲ್ಲ. ಕೊನೆಯ ಎರಡು ಸಾಲಿಗೆ ಬಂದೆ. ಕನ್ನಡಕ ತೆಗೆದು ಸೆರಗಿಗೆ ಒರೆಸಿ, ಹೇಳಿದೆ:

"ಇಷ್ಟು ವರ್ಷ ಕರೀಲಿಲ್ಲ, ಮಾಡೀನಿ ತಪ್ಪ,
ಕೇಳ್ರಿ ಎಲ್ಲಾರೂ, ಅವರ ಹೆಸರು ಚನ್ನಬಸಪ್ಪ."

ಎಂಥ ಒಳ್ಳೆಯ ಹೆಸರು ಅದು! ಬಾಯಲ್ಲಿ ಎಷ್ಟು ತುಂಬಿಕೊಳ್ಳುತ್ತದೆ! ಐವತ್ತು ವರ್ಷ ಬರೆದದ್ದೇ ಬರೆದದ್ದು, ಅದಕ್ಕೆ ಇಷ್ಟು ಸದ್ದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಚಪ್ಪಾಳೆ ಬಿತ್ತು. ನೀಲಮ್ಮ ಕೂಡ ತಟ್ಟಿದಳು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಊಟದ ಬಾಗಿಲು ತೆರೆಯಿತೆಂಬ ಆನಂದವೂ ಅದರಲ್ಲಿ ಸೇರಿತ್ತೇನೋ. ವಿಡಿಯೋದವನು, "ಅಕ್ಕಾರ, ಲಾಸ್ಟಿಗೆ ಬ್ಯಾಟರಿ ಹೋತ್ರಿ. ಹೆಸರು ಇನ್ನೊಮ್ಮೆ ಹೇಳ್ತೀರೇನು?" ಎಂದ. ಆ ಮನುಷ್ಯ ನೂರು ವರ್ಷ ಬಾಳಲಿ! ಹೇಳಿದೆ. ಆಂಗಲ್ ಸರಿ ಬಂತೋ ಇಲ್ಲವೋ ಎಂದು ನಾನಾಗಿಯೇ ಮತ್ತೊಮ್ಮೆ ಹೇಳಿದೆ. ಚನ್ನಬಸಪ್ಪ, ಚನ್ನಬಸಪ್ಪ.

ಸ್ಫೂರ್ತಿಗೆ ಗಂಡು ಮಗು ಹುಟ್ಟಿ ಈಗ ಎರಡು ತಿಂಗಳು. ಆ ತೊಟ್ಟಿಲಿನ ದಿನ ಪಡಸಾಲೆಯ ನಟ್ಟನಡುವಿನ ಜಾಗ ಖಾಲಿ ಇತ್ತು. ಅಷ್ಟರೊಳಗೆ ಗೌರಕ್ಕ, ಎರಡೇ ದಿನದ ಜ್ವರದಲ್ಲಿ, ಯಾರಿಗೂ ಹೇಳದೆ ಕೇಳದೆ ಹೋಗಿಬಿಟ್ಟಿದ್ದಳು. ಹೀಗಾಗಿ ನಾನು ಆಕೆಯನ್ನು ಕಡೆಯ ಸಲ ನೋಡಿದ್ದು ಕುಬಸದ ದಿನ ಮಧ್ಯಾಹ್ನ, ನಮ್ಮ ಓಣಿಯಲ್ಲಿ, ಕಾರಿನ ಕಿಟಕಿಯಲ್ಲಿ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೊರಟು ಕೂತಿದ್ದಳು. ಮಗ ಇನ್ನೇನು ಗಾಡಿ ಶುರು ಮಾಡಬೇಕು, ಕಿಟಕಿಯ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದಳು. ಬಗ್ಗಿದೆ. ಒಂದು ಥ್ಯಾಂಕ್ಸ್ ಹೇಳಬೇಕೆಂದು ನನ್ನ ಬಾಯಿಯವರೆಗೆ ಬಂದಿತ್ತು.

"ಛಲೋ ಹೇಳಿದಿ" ಎಂದಳು. "ಆದ್ರ ಭಾಳ ಉದ್ದ ಆತು. ಮಂದಿಗೆ ಹಸಿವಿ ಆಗಿರ್ತೈತಿ, ಆ ಹುಡುಗಿ ಸೊಂಟ ನೋಯಿಸಿಕೊಂಡು ಕುಂತಿತ್ತು. ನಿನಗ ಮೊದಲಿಂದನೂ ಹಂಗ ನೋಡು ವಿಮಲಾ, ಬಾಜೂಕ ಯಾರ ಅದಾರ ಅನ್ನೂ ಖಬರ ಇರೂದಿಲ್ಲ."

ನಾನು ಬಾಯಿ ತೆರೆದೆ. ಗುಡ್ ಮಾರ್ನಿಂಗ್ ಕೂಡ ಬರಲಿಲ್ಲ. ಗಾಜು ಮೇಲೇರಿತು, ಅದರ ಹಿಂದೆ ಗೌರಕ್ಕ ಆಗಲೇ ಮಗನಿಗೆ ಬೇರೇನೋ ಹೇಳುತ್ತಿದ್ದಳು. ಕಾರು ಓಣಿಯ ತಿರುವಿನಲ್ಲಿ ಮರೆಯಾಯಿತು. ಆಕೆಗೆ ಕೊಡಬೇಕಾಗಿದ್ದ ಖಡಕ್ ಉತ್ತರಗಳು ಒಂದೊಂದಾಗಿ ಆಗ ನೆನಪಾಗತೊಡಗಿದವು, ಹೆಚ್ಚಿನವು ಇಂಗ್ಲಿಷಿನಲ್ಲಿ. ಅವನ್ನು ತಿದ್ದುತ್ತ ತೀಡುತ್ತ ನಿಂತಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ, ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಮೇವು ಹೇರಿದ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಬೈಕು, ಅದರ ಹಿಂದೆ ಹಾಲಿನ ಗಾಡಿ. ಟ್ರ್ಯಾಕ್ಟರಿನ ಮೇಲಿದ್ದ ನಿಂಗಪ್ಪ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ಬಹಳ ವಿನಯದಿಂದ ಕೈ ಮುಗಿದು ಕೇಳಿದ:

"ಅಕ್ಕಾರ, ಒಂಚೂರು ಬಾಜು ಸರೀತೀರೇನು? ಇಲ್ಲಾ, ರಸ್ತಾ ಪೂರಾ ನಿಮ್ದ ಏನ್ರಿ?"